ಡಹಾಣೂ ಎಲ್ಲಿದೆ ಮಾರಾಯರೆ?

ನಿನ್ನೆ ಸಂಜೆ ಗೋರೆಗಾಂವ್‌ನಲ್ಲಿ ನಮ್ಮ ಊರಿನ ಕಡೆಯವರ ಸಭೆಯಿತ್ತು. ಸಭೆ ಎನ್ನುವುದು ದೊಡ್ಡ ಮಾತು, ಊರಿನ ದೇವಸ್ಥಾನಕ್ಕೆ ಮುಂಬೈಯವರು ಎಷ್ಟು ಕೊಡುವುದು ಎಂಬ ಲೆಕ್ಕಾಚಾರ ಅಷ್ಟೆ. ಅದು ಮುಗಿದು ಗೋಳಿಬಜೆ, ಚಹಾ ಬಂದ ಮೇಲೆ ಮಾತು ಎಂದಿನಂತೆ ಉಡುಪಿ ಜಿಲ್ಲೆಯ ನಮ್ಮ ಎಲ್ಲೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಯ ಕಡೆಗೆ ಹೊರಳಿತು. ಈಚೆಗೆ ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗಿ ಬಂದ ಹಿರಿಯರೊಬ್ಬರು (ಹೆಸರು ಬೇಡ, ಅವರೂ ಇದನ್ನು ಓದುತ್ತಾರೆ) ಬಜೆ ಮುರಿಯುತ್ತಾ ಹೇಳಿದರು: "ಪಡುಬಿದ್ರಿ ಹತ್ತಿರ ಬರುವಾಗ ಆ ಚಿಮಣಿ ಕಂಡರೆ ಹೊಟ್ಟೆ ಉರಿಯುತ್ತದೆ. ಸುಡುವುದು ನಮ್ಮೂರಿನಲ್ಲಿ, ಬೆಳಕು ಬೆಂಗಳೂರಿನವರಿಗೆ!"

ಎಲ್ಲರೂ ಹೌದು ಹೌದು ಎಂದರು. ನಾನೂ ಎಂದೆ. ಎಂದವನು ಸುಮ್ಮನಿರಬೇಕಿತ್ತು.

"ನಿಮ್ಮ ಕಾಂದಿವಲಿಯ ಮನೆಯ ಕರೆಂಟು ಎಲ್ಲಿ ಸುಡುತ್ತಾರೆ?" ಎಂದು ಕೇಳಿದೆ.

"ನಮ್ಮದು ಅದಾನಿ."

"ಅದು ಯಜಮಾನನ ಹೆಸರಾಯಿತು. ಊರು ಯಾವುದು?"

ಉತ್ತರವಿಲ್ಲ. "ಒಂದು ಪಾಲು ಡಹಾಣೂವಿನಿಂದ ಬರುತ್ತದೆ" ಎಂದೆ. ಅವರು ನಕ್ಕರು. "ಡಹಾಣೂ ಎಲ್ಲಿದೆ ಮಾರಾಯರೆ? ನನಗೆ ಗೊತ್ತಿರುವ ಹಾಗೆ ಅದು ಲೋಕಲ್ ರೈಲಿನ ಬೋರ್ಡು!"

ಕೋಣೆಯಿಡೀ ನಕ್ಕಿತು. ನನಗೆ ಮಾತ್ರ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಮೂವತ್ತು ವರ್ಷ ಬೋರಿವಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತವರು ನಾವು. ಡಹಾಣೂ ರೋಡ್ ಎಂಬ ಬೋರ್ಡು ಕಂಡರೆ "ಇದು ನಮ್ಮದಲ್ಲ, ಮುಂದಿನದು ಹತ್ತೋಣ" ಎಂದು ಹಿಂದೆ ಸರಿದವರು. ರೈಲು ನಮ್ಮದಲ್ಲ, ಕರೆಂಟು ಮಾತ್ರ ನಮ್ಮದು.

ರಾತ್ರಿ ಮನೆಗೆ ಬಂದು ಬಿಲ್ಲಿನ ಫೈಲು ತೆಗೆದೆ. ನಾನು ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನು, ಕಾಗದ ಎಸೆಯುವ ಅಭ್ಯಾಸವಿಲ್ಲ. ಹೆಂಡತಿಯ ಪ್ರಕಾರ ಇದು ಕಾಯಿಲೆ. ಇರಲಿ. ಫೈಲಿನ ತಳದಲ್ಲಿ, ಆಗ ನಮ್ಮ ಉಪನಗರಗಳಿಗೆ ಕರೆಂಟು ಕೊಡುತ್ತಿದ್ದ ಬಿಎಸ್‌ಇಎಸ್ ಕಂಪೆನಿಯ ಬಿಲ್ಲುಗಳು, ಅಂಚು ಹಳದಿಯಾಗಿ ಮಡಿಕೆಯಲ್ಲಿ ಹರಿಯುವಂತಾಗಿವೆ. ಅದರ ಮೇಲೆ ರಿಲಯನ್ಸ್ ಎನರ್ಜಿ. ಅದರ ಮೇಲೆ ರಿಲಯನ್ಸ್ ಇನ್‌ಫ್ರಾಸ್ಟ್ರಕ್ಚರ್. ಎಲ್ಲಕ್ಕಿಂತ ಮೇಲೆ ಅದಾನಿ ಎಲೆಕ್ಟ್ರಿಸಿಟಿ. ಮನೆ ಅದೇ, ಫ್ಯಾನು ಅದೇ, ಬಿಲ್ಲು ಕಟ್ಟುವ ಮೂರ್ಖನೂ ಅವನೇ. ಮೇಲಿನ ಹೆಸರು ಮಾತ್ರ ಮೂರು ಸಲ ಬದಲಾಗಿದೆ.

ಬಿಲ್ಲಿನಲ್ಲಿ ಏನಿಲ್ಲ ಹೇಳಿ! ಸ್ಥಿರ ಶುಲ್ಕವಿದೆ, ಯೂನಿಟ್ಟಿನ ದರವಿದೆ, ತಂತಿಯಲ್ಲಿ ಸಾಗಿಸಿದ್ದಕ್ಕೆ ವೀಲಿಂಗ್ ಶುಲ್ಕವಿದೆ, ಇಂಧನ ಹೊಂದಾಣಿಕೆ ಶುಲ್ಕವಿದೆ, ಸರ್ಕಾರದ ತೆರಿಗೆಯಿದೆ. ಕಲ್ಲಿದ್ದಲಿನ ಬೆಲೆ ಏರಿದರೆ ನನಗೆ ಪೈಸೆಯ ಲೆಕ್ಕದಲ್ಲಿ ತಿಳಿಸುತ್ತಾರೆ. ಆ ಕಲ್ಲಿದ್ದಲು ಯಾರ ಮನೆಯ ಹಿತ್ತಲಲ್ಲಿ ಉರಿಯಿತು ಎಂಬ ಸಾಲು ನಾಲ್ಕು ಹೆಸರಿನ ಬಿಲ್ಲುಗಳಲ್ಲಿ ಎಲ್ಲಿಯೂ ಇಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಡಹಾಣೂ ಇರುವುದು ನಮ್ಮಿಂದ ಉತ್ತರಕ್ಕೆ, ಪಾಲ್ಘರ್ ಜಿಲ್ಲೆಯಲ್ಲಿ, ಗುಜರಾತಿನ ಗಡಿಯ ಹತ್ತಿರ. ಚಿಕ್ಕು ತೋಟಗಳ ನಾಡು, ವಾರ್ಲಿ ಆದಿವಾಸಿಗಳ ನಾಡು. ಅಲ್ಲಿನ ಖಾಡಿಯ (ಸಮುದ್ರದ ಹಿನ್ನೀರಿನ) ಪಕ್ಕದಲ್ಲಿ ಬಿಎಸ್‌ಇಎಸ್ ಕಟ್ಟಿದ ಸ್ಥಾವರದಲ್ಲಿ 250 ಮೆಗಾವ್ಯಾಟಿನ ಎರಡು ಘಟಕಗಳಿವೆ, ಒಟ್ಟು 500. ತೊಂಬತ್ತರ ದಶಕದ ನಡುವಿನಿಂದ ಅದು ಮುಂಬೈಯ ಉಪನಗರಗಳಿಗಾಗಿ ಉರಿಯುತ್ತಿದೆ. ಚಿಮಣಿಯ ಎತ್ತರ ಸುಮಾರು 275 ಮೀಟರ್. (ನಮ್ಮ ಕಾಲದಲ್ಲಿ ಚಿಮಿಣಿ ಎಂದರೆ ಸೀಮೆಎಣ್ಣೆಯ ಬುಡ್ಡಿ. ಅದರ ಬೆಳಕಿನಲ್ಲಿ ಓದಿದವನಿಗೆ ಈ ಚಿಮಣಿ ಇಷ್ಟು ದೊಡ್ಡದಾಗಿ ಎದುರು ನಿಲ್ಲುತ್ತದೆ ಎಂದು ಯಾರು ಅಂದುಕೊಂಡಿದ್ದರು.)

2003ರಲ್ಲಿ ಬಿಎಸ್‌ಇಎಸ್ ಅಂಬಾನಿಯವರ ಕೈಗೆ ಹೋಯಿತು. 2018ರಲ್ಲಿ ಅನಿಲ್ ಅಂಬಾನಿಯವರು ಇಡೀ ಮುಂಬೈ ವಿದ್ಯುತ್ ವ್ಯವಹಾರವನ್ನು ಡಹಾಣೂ ಸಮೇತ ಅದಾನಿಯವರಿಗೆ ಮಾರಿದರು. ಮೊತ್ತ 18,800 ಕೋಟಿ ರೂಪಾಯಿ. ಆಗ ನಮ್ಮ ಸೊಸೈಟಿಯ ಮೆಟ್ಟಿಲುಗಳ ಮೇಲೆ ಒಂದು ವಾರ ಒಂದೇ ಚರ್ಚೆ: ಬಿಲ್ಲು ಏರುತ್ತದೆಯೇ, ಇಳಿಯುತ್ತದೆಯೇ? ಮಾರಾಟದ ಪಟ್ಟಿಯಲ್ಲಿ ಒಂದು ಊರಿನ ಗಾಳಿಯೂ ಇದೆ ಎಂದು ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಸುಳ್ಳು ಹೇಳುವುದಿಲ್ಲ.

2024ರ ಕಥೆ ಇನ್ನೂ ಚೆನ್ನಾಗಿದೆ. ಡಹಾಣೂ ಸ್ಥಾವರವನ್ನು ನಮ್ಮ ಬಿಲ್ಲಿನ ಕಂಪೆನಿಯ ಪುಸ್ತಕದಿಂದ ತೆಗೆದು ಅದೇ ಸಮೂಹದ ಅದಾನಿ ಪವರ್‌ನ ತೆಕ್ಕೆಗೆ ಹಾಕಿದರು. ಎಲ್ಲವೂ ಕಾನೂನಿನ ಪ್ರಕಾರವೇ. ಒಬ್ಬನೇ ಗ್ರಾಹಕ ಒಂದು ಖಾತೆಯಿಂದ ತೆಗೆದು ತನ್ನದೇ ಇನ್ನೊಂದು ಖಾತೆಗೆ ಹಾಕಿದಂತೆ. ಅಂಥ ಚೀಟಿಗಳಿಗೆ ನಾನು ದಿನಕ್ಕೆ ಐವತ್ತು ಠಸ್ಸೆ ಒತ್ತಿದ್ದೇನೆ. ಈಗ ನನಗೆ ಕರೆಂಟು ಮಾರುವ ಕಂಪೆನಿಯ ಲೆಕ್ಕದಲ್ಲಿ ಆ ಕಲ್ಲಿದ್ದಲು ಇಲ್ಲ. ಡಹಾಣೂವಿನ ಆಕಾಶದಲ್ಲಿ ಇದೆ.

ಆ ಅದಾನಿ ಪವರ್‌ನ ಕೈಯಲ್ಲಿರುವ ಇನ್ನೊಂದು ಸ್ಥಾವರ ಯಾವುದು ಗೊತ್ತೇ? ನಮ್ಮ ಎಲ್ಲೂರಿನದು! 600 ಮೆಗಾವ್ಯಾಟಿನ ಎರಡು ಘಟಕ, ಹೊರದೇಶದ ಕಲ್ಲಿದ್ದಲು, ನವಮಂಗಳೂರು ಬಂದರಿನಿಂದ ರೈಲಿನಲ್ಲಿ. ಅಲ್ಲಿಯೂ ಯಜಮಾನರ ವಂಶಾವಳಿ ದೊಡ್ಡದು. ಮೊದಲು ಬಂದದ್ದು ಅಮೆರಿಕದ ಕಂಪೆನಿ ಕೊಜೆಂಟ್ರಿಕ್ಸ್, ಊರಿನವರ ಹೋರಾಟ ಮತ್ತು ಕೋರ್ಟು ಕಚೇರಿಗಳ ನಡುವೆ 1999ರ ಕೊನೆಗೆ ಗಂಟುಮೂಟೆ ಕಟ್ಟಿತು. ಆಮೇಲೆ ನಾಗಾರ್ಜುನ, ಆಮೇಲೆ ಲ್ಯಾಂಕೋ, 2015ರಿಂದ ಅದಾನಿ. ಕೊಜೆಂಟ್ರಿಕ್ಸ್ ಹೋದ ದಿನ ಇದೇ ಹಿರಿಯರು ಇದೇ ಮುಂಬೈಯಲ್ಲಿ ಲಾಡು ಹಂಚಿದ್ದರು. ನಾನೂ ಎರಡು ತಿಂದಿದ್ದೆ. ಬಹುಶಃ ಡಹಾಣೂವಿನ ಕರೆಂಟಿನ ಕೆಳಗೆ ಕುಳಿತು.

ಇಷ್ಟು ಹೇಳಿದ್ದಕ್ಕೆ ನಿನ್ನೆಯೇ ಒಬ್ಬರು ತಡೆದರು. "ಹಾಗಾದರೆ ಡಹಾಣೂ ಮುಚ್ಚಿಸುತ್ತೀರಾ? 2020ರ ಅಕ್ಟೋಬರ್ 12 ಮರೆತಿರಾ?" ಮರೆತಿಲ್ಲ. ಇಡೀ ಮುಂಬೈ ಕತ್ತಲಾಗಿ ಲೋಕಲ್‌ಗಳು ಹಳಿಯ ಮೇಲೆ ನಿಂತ ದಿನ. ಈ ನಗರಕ್ಕೆ ಹೊರಗಿನಿಂದ ಬರುವ ತಂತಿ ಸಾಲುವುದಿಲ್ಲ, ಹತ್ತಿರದಲ್ಲಿ ಉತ್ಪಾದನೆ ಬೇಕು, ಟ್ರಾಂಬೆಯಲ್ಲಿ ಟಾಟಾ ಅವರ ಕಲ್ಲಿದ್ದಲು ಘಟಕವೂ ಅದಕ್ಕಾಗಿಯೇ ಇನ್ನೂ ನಡೆಯುತ್ತಿದೆ. ಒಪ್ಪಿದೆ. ನಾನೇನು ಬುಡ್ಡಿ ದೀಪಕ್ಕೆ ಹಿಂತಿರುಗೋಣ ಎಂದೆನೇ? ಮೇ ತಿಂಗಳಲ್ಲಿ ಎಸಿ ಇಲ್ಲದೆ ನನಗೆ ನಿದ್ರೆ ಬರುವುದಿಲ್ಲ. ಆದರೆ "ಬೇಕು" ಎಂದ ಮಾತ್ರಕ್ಕೆ "ಕೇಳಬಾರದು" ಎಂದಾಗುತ್ತದೆಯೇ? ಅಕ್ಕಿ ಬೇಕು ಎಂದು ಗದ್ದೆ ಯಾರದು ಎಂದು ಕೇಳದ ಬಂಟರಿದ್ದಾರೆಯೇ ನಮ್ಮಲ್ಲಿ?

ಡಹಾಣೂವಿನವರು ಕೇಳಿದರು ನೋಡಿ. 1991ರಲ್ಲಿಯೇ ಕೇಂದ್ರ ಸರ್ಕಾರ ಆ ತಾಲೂಕನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಘೋಷಿಸಿತ್ತು. 1996ರಲ್ಲಿ ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ ಆ ಒಂದು ತಾಲೂಕಿಗಾಗಿಯೇ ಪರಿಸರ ಸಂರಕ್ಷಣಾ ಪ್ರಾಧಿಕಾರ ಬಂತು, ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ ಸಿ.ಎಸ್. ಧರ್ಮಾಧಿಕಾರಿ. ಹೊಗೆಯಿಂದ ಗಂಧಕ ತೊಳೆಯುವ ಯಂತ್ರ ಕೂರಿಸಿ ಎಂದು ಪ್ರಾಧಿಕಾರ ಪಟ್ಟು ಹಿಡಿಯಿತು. ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದು 2007ರಲ್ಲಿ ಯಂತ್ರ ಬಂತು, ಸಮುದ್ರದ ನೀರಿನಿಂದಲೇ ಹೊಗೆ ತೊಳೆಯುವಂಥದು. ದೇಶಕ್ಕೆಲ್ಲ ಗಂಧಕದ ಮಿತಿ ಹಾಕಿದ್ದು 2015ರಲ್ಲಿ. ಆ ಮೇಲೆ ಗಡುವು ಮುಂದೆ, ಮತ್ತೆ ಮುಂದೆ, ಕೊನೆಗೆ 2025ರ ಜುಲೈಯಲ್ಲಿ ಬಹುಪಾಲು ಸ್ಥಾವರಗಳಿಗೆ ಆ ಯಂತ್ರವೇ ಬೇಡ ಎಂದು ವಿನಾಯಿತಿ. ದೇಶದಲ್ಲಿ ಬೇಡವಾದದ್ದು ಡಹಾಣೂವಿಗೆ ಹದಿನೆಂಟು ವರ್ಷ ಮೊದಲೇ ಸಿಕ್ಕಿತ್ತು. ಯಾವ ಯಜಮಾನನ ಒಳ್ಳೆಯತನದಿಂದಲೂ ಅಲ್ಲ. ತಲೆಯ ಮೇಲೆ ಕುಳಿತು ಕೇಳುವ ಒಬ್ಬರಿದ್ದರು, ಅದಕ್ಕೆ.

ಎಲ್ಲೂರಿನಲ್ಲಿಯೂ ತೊಳೆಯುವ ಯಂತ್ರವಿದೆ, ಇಲ್ಲವೆನ್ನುವುದಿಲ್ಲ. ಆದರೆ ನಂದಿಕೂರಿನ ಜನಜಾಗೃತಿ ಸಮಿತಿಯವರು ವರ್ಷಗಟ್ಟಲೆ ಅಲೆದ ಮೇಲೆ 2022ರಲ್ಲಿ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟಲು ಆದೇಶಿಸಬೇಕಾಯಿತು. ಯಜಮಾನ ಯಾರು ಎಂದು ನಾವು ಮುಂಬೈಯಲ್ಲಿ ಕುಳಿತು ಬಜೆ ತಿನ್ನುತ್ತಾ ಜಗಳವಾಡುತ್ತೇವೆ. ಕಾವಲಿಗೆ ಯಾರಿದ್ದಾರೆ ಎಂದು ಕೇಳುವುದಿಲ್ಲ. ಧರ್ಮಾಧಿಕಾರಿಯವರು 2019ರಲ್ಲಿ ತೀರಿಕೊಂಡರು. ಆ ಸುದ್ದಿಯನ್ನು ನಾನು ಓದಿದ್ದು ಒಳಪುಟದಲ್ಲಿ, ಮೀನು ಕಟ್ಟಿಕೊಂಡು ಬಂದ ಪೇಪರಿನಲ್ಲಿ. ಓದಿ ಮಡಚಿ ಕಸಕ್ಕೆ ಹಾಕಿದೆ. ಕಾಗದ ಎಸೆಯದ ನಾನು ಎಸೆದ ಕೆಲವೇ ಕಾಗದಗಳಲ್ಲಿ ಅದೊಂದು.

ಇಂದು ಬೆಳಿಗ್ಗೆ ಬೋರಿವಲಿ ಸ್ಟೇಷನ್ನಿನ ಹೊರಗೆ ಚಿಕ್ಕು ಮಾರುವ ಹೆಂಗಸಿನ ಬುಟ್ಟಿಯ ಮುಂದೆ ಕುಳಿತೆ. ಒಂದು ಹಣ್ಣು ಎತ್ತಿಕೊಂಡು ಹೆಬ್ಬೆರಳಿನಿಂದ ಉಜ್ಜಿದೆ. ಕಂದು ಪುಡಿ ಬೆರಳಿಗೆ ಅಂಟಿತು. ಮುಖ ಗಂಟಿಕ್ಕಿ "ಇದು ಬೂದಿಯೇ?" ಎಂದು ಕೇಳಿದೆ. ಆಕೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಮರಾಠಿಯಲ್ಲಿ ಹೇಳಿದಳು: "ಕಾಕಾ, ಚಿಕ್ಕುವಿನ ಸಿಪ್ಪೆ ಇರುವುದೇ ಹಾಗೆ. ಇಷ್ಟು ವರ್ಷ ತಿಂದು ಇದೂ ಗೊತ್ತಿಲ್ಲವೇ?" ಒಂದು ಕಿಲೋ ಕೊಂಡು ಬಾಯಿ ಮುಚ್ಚಿಕೊಂಡು ಬಂದೆ.

ಹಿರಿಯರೇ, ಓದುತ್ತಿದ್ದೀರಿ ಎಂದು ಗೊತ್ತು. ಬರುವ ಭಾನುವಾರ ಬೋರಿವಲಿಯಲ್ಲಿ ಸಿಗಿ, ಆ ಬೋರ್ಡಿನ ರೈಲನ್ನು ಒಮ್ಮೆ ಹತ್ತೋಣ. ಟಿಕೆಟ್ ನನ್ನದು. ಬಜೆ ಮಾತ್ರ ನೀವೇ ಕಟ್ಟಿಸಿಕೊಂಡು ಬನ್ನಿ.