ಮೊದಲು ಮಹಡಿ ಮೇಲೆ ಔಟ್

ಮೊನ್ನೆ ಭಾನುವಾರ ಕೊಹ್ಲಿ ಔಟಾದ ಸುದ್ದಿಯನ್ನು ನನಗೆ ಮುಟ್ಟಿಸಿದವರು ನಮ್ಮ ಮನೆ ಓನರ್. ಅವರೇನೂ ಇಳಿದು ಬಂದು ಹೇಳಲಿಲ್ಲ. ಮಹಡಿ ಮೇಲೆ ಕೂತಲ್ಲಿಂದಲೇ "ಅಯ್ಯೋ ನಿನ್ನ!" ಅಂದರು. ನನ್ನ ಟಿವಿಯಲ್ಲಿ ಆಗಿನ್ನೂ ಹಿಂದಿನ ಬಾಲಿನ ರೀಪ್ಲೇ ಬರುತ್ತಿತ್ತು. ಅದು ಮುಗಿದು ಕೊಹ್ಲಿ ಗ್ಲೌಸ್ ಸರಿಮಾಡಿಕೊಂಡು ಗಾರ್ಡ್ ತಗೊಂಡರು. ಪಾಪ, ತಾವು ಆಗಲೇ ಔಟಾಗಿರುವುದು ಅವರಿಗೇ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಕೈಯಲ್ಲಿದ್ದ ಬೋಂಡಾ ಕೆಳಗಿಟ್ಟೆ.

ವಿಷಯ ಇಷ್ಟೇ. ಅವರದು ಡಿಶ್ಶು, ನನ್ನದು ಆ್ಯಪು. ಡಿಶ್ಶಿನವರಿಗೆ ಮ್ಯಾಚು ಉಪಗ್ರಹಕ್ಕೆ ಹೋಗಿ ಕೆಲವೇ ಸೆಕೆಂಡಿನಲ್ಲಿ ಮನೆಗೆ ಇಳಿಯುತ್ತದೆ. ಆ್ಯಪಿನವರಿಗೆ ಹಾಗಲ್ಲ. ಅದನ್ನು ತುಂಡುತುಂಡು ಮಾಡಿ, ದೊಡ್ಡ ಟಿವಿಗೊಂದು ಗಾತ್ರ, ಸಣ್ಣ ಮೊಬೈಲಿಗೊಂದು ಗಾತ್ರ ಅಂತ ಕುಗ್ಗಿಸಿ, ಯಾವುದೋ ಸರ್ವರಿನಲ್ಲಿಟ್ಟು ಕಳಿಸುತ್ತಾರೆ. ಇಲ್ಲಿ ನನ್ನ ಟಿವಿಯೋ, ಸೀಟು ತುಂಬದೆ ಹೊರಡದ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಥರ, ನಾಲ್ಕು ತುಂಡು ಬಂದು ಕೂರುವವರೆಗೂ ರೈಟ್ ಹೇಳುವುದಿಲ್ಲ. ಒಟ್ಟಿನಲ್ಲಿ ನಮ್ಮ ಮನೆ ಮೇಲಿನ ಮನೆಗಿಂತ ಸುಮಾರು ಅರ್ಧ ನಿಮಿಷ ಹಿಂದಿದೆ.

"ಅಂಕಲ್, ಸ್ವಲ್ಪ ಮೆತ್ತಗೆ ಕಿರುಚಿ" ಅನ್ನಬಹುದಿತ್ತು. ಆದರೆ ಅಗ್ರಿಮೆಂಟ್ ರಿನ್ಯೂ ಮಾಡುವ ಕಾಲ ಹತ್ತಿರ ಬಂದಿದೆ. ಬೆಂಗಳೂರಿನಲ್ಲಿ ಬಾಡಿಗೆಗಿರುವವರಿಗೆ ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಅವರ ಸದ್ದುಗಳಿಗೆಲ್ಲ ಈಗ ನನಗೆ ಅರ್ಥ ಗೊತ್ತು. ಕುರ್ಚಿ ಬರ್ರೆಂದು ಸರಿದರೆ ಬಾಲು ಗಾಳಿಯಲ್ಲಿದೆ. ತೊಡೆ ತಟ್ಟಿದರೆ ಬೌಂಡರಿ. "ಹಾಕ್ಲಾ ಹಾಕು!" ಅಂದರೆ ಸಿಕ್ಸು. ದೀರ್ಘ ಮೌನದ ನಂತರ ನೆಲಕ್ಕೆ ಲೋಟ ಕುಕ್ಕಿದರೆ ನಮ್ಮವರು ಕ್ಯಾಚ್ ಬಿಟ್ಟಿದ್ದಾರೆ. ಜೀವಮಾನದಲ್ಲಿ ಒಂದು ಓವರ್ ಪೂರ್ತಿ ನೋಡದ ನನ್ನ ಹೆಂಡತಿ ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ "ರೀ, ಇನ್ನೊಂದು ವಿಕೆಟ್ ಬಿತ್ತು ಅನ್ಸತ್ತೆ" ಅನ್ನುತ್ತಾಳೆ. ಟಿವಿ ಮುಂದೆ ಕಣ್ಣು ನೆಟ್ಟು ಕೂತವನಿಗೆ ಗೊತ್ತಾಗುವುದು ಆಮೇಲೆ.

ಕಬಡ್ಡಿ ಸೀಸನ್ನಿನಲ್ಲಿ ಇನ್ನೂ ಅನ್ಯಾಯ. ಪ್ರೊ ಕಬಡ್ಡಿಯಲ್ಲಿ ಒಂದು ರೈಡಿಗೆ ಇರುವುದೇ 30 ಸೆಕೆಂಡು. ನನ್ನ ಬೆಂಗಳೂರು ಬುಲ್ಸ್ ತಂಡದ ರೈಡರ್ ಗೆರೆ ಮುಟ್ಟಿ ನಮಸ್ಕಾರ ಮಾಡಿ ಒಳಗೆ ಕಾಲಿಡುವ ಹೊತ್ತಿಗೆ ಮೇಲಿನ ಮನೆಯಲ್ಲಿ ಅವನು ಔಟಾಗಿ ಹೊರಗೆ ಕೂತಿರುತ್ತಾನೆ. ಬುಲ್ಸ್ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ: 2019ರ ಜನವರಿಯಲ್ಲಿ ಪವನ್ ಸೆಹ್ರಾವತ್ ಒಬ್ಬರೇ 22 ಪಾಯಿಂಟ್ ತಂದು, ಗುಜರಾತನ್ನು 38-33ರಲ್ಲಿ ಸೋಲಿಸಿ ಕಪ್ ಕೊಟ್ಟರಲ್ಲ, ಆ ಒಂದು ರಾತ್ರಿಯ ಬಡ್ಡಿಯಲ್ಲೇ ನಾವು ಇವತ್ತಿಗೂ ಜೀವನ ಮಾಡುತ್ತಿದ್ದೇವೆ.

ಫುಟ್‌ಬಾಲ್ ಮಾತ್ರ ನನಗೆ ನೆಮ್ಮದಿ, ಅಂಕಲ್ ಅದನ್ನು ನೋಡುವುದಿಲ್ಲ. "ಒಂದೂವರೆ ಗಂಟೆ ಓಡಿ ಒಂದು ಗೋಲು ಹೊಡೆಯೋದಾ?" ಅನ್ನುವ ಜಾತಿ. 2025ರ ಏಪ್ರಿಲ್‌ನಲ್ಲಿ ಕೋಲ್ಕತ್ತದ ಐಎಸ್‌ಎಲ್ ಫೈನಲ್ಲಿನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಮೊದಲು ಮುಂದಿದ್ದು, ಕೊನೆಗೆ ಎಕ್ಸ್‌ಟ್ರಾ ಟೈಮಿನಲ್ಲಿ ಮೋಹನ್ ಬಾಗಾನ್‌ಗೆ 2-1ರಲ್ಲಿ ಸೋತಾಗ ನಾನು ಯಾರ ಮುನ್ಸೂಚನೆಯೂ ಇಲ್ಲದೆ, ಸ್ವತಂತ್ರವಾಗಿ, ಸರಿಯಾದ ಸಮಯಕ್ಕೆ ಸಂಕಟಪಟ್ಟೆ. ಅದೇ ವರ್ಷ ಜನವರಿಯಲ್ಲಿ ಕರ್ನಾಟಕದ ಕ್ರಿಕೆಟ್ ತಂಡ ವಿದರ್ಭವನ್ನು ಸೋಲಿಸಿ ವಿಜಯ್ ಹಜಾರೆ ಟ್ರೋಫಿ ಗೆದ್ದಿತು. ಆಗಲೂ ಮಹಡಿ ಮೇಲೆ ಸದ್ದಿಲ್ಲ, ಬೀದಿಯಲ್ಲಿ ಒಂದು ಸುರ್‌ಸುರ್ ಬತ್ತಿಯೂ ಹತ್ತಲಿಲ್ಲ. ನಮ್ಮದೇ ರಾಜ್ಯದ ಹುಡುಗರು ಗೆದ್ದರೆ ನಮಗೆ ಮರುದಿನ ಪೇಪರಿನಲ್ಲಿ ಓದಿದರೆ ಸಾಕು. ಇದು ನನಗೆ ಯಾವತ್ತೂ ಅರ್ಥವಾಗಿಲ್ಲ.

ಆದರೆ ಜೂನ್ 3, 2025ರ ಐಪಿಎಲ್ ಫೈನಲ್? ಅದನ್ನು ನಾನು ಓನರ್‌ಗೆ ಕ್ಷಮಿಸಲಾರೆ. ಆರ್‌ಸಿಬಿ ಕಪ್ಪಿಗೆ 18 ವರ್ಷ ಕಾದಿದ್ದೇವೆ. ಕೊನೆಯ ಓವರಿನಲ್ಲಿ ಪಂಜಾಬಿಗೆ 29 ಬೇಕು. ಹೇಜಲ್‌ವುಡ್ ಕೈಯಲ್ಲಿ ಬಾಲು. ನನ್ನ ಟಿವಿಯಲ್ಲಿ ಅವರು ಮೊದಲನೆಯ ಬಾಲಿಗೆ ಓಡಿ ಬರುವಷ್ಟರಲ್ಲಿ ಮೇಲೆ ಧಡಧಡ ಕುಣಿತ, ಬೀದಿಯಲ್ಲಿ ಸರಪಟಾಕಿ. ಮೊದಲೆರಡು ಬಾಲಿಗೆ ರನ್ ಇಲ್ಲ, ಅಲ್ಲಿಗೆ ಲೆಕ್ಕ ಮುಗಿದಿತ್ತು. ಮ್ಯಾಚಿನ್ನೂ ಮುಗಿಯದೆ ಕೊಹ್ಲಿ ಕಣ್ಣೊರೆಸಿಕೊಂಡದ್ದನ್ನು ಊರೆಲ್ಲ ಅವರ ಜೊತೆಗೇ ಅತ್ತು ನೋಡಿತು. ನಾನು ಅರ್ಧ ನಿಮಿಷ ತಡವಾಗಿ, ಸಂತೆ ಮುಗಿದ ಮೇಲೆ ಅತ್ತೆ. ಮರುದಿನ ಚಿನ್ನಸ್ವಾಮಿ ಗೇಟಿನಲ್ಲಿ ಕಾಲ್ತುಳಿತಕ್ಕೆ 11 ಜನ ಸತ್ತರು. ಆ ಮೇಲೆ ಆ ಪಟಾಕಿ ಸದ್ದನ್ನು ನೆನೆಸಿಕೊಳ್ಳಲೂ ಮನಸ್ಸಾಗುವುದಿಲ್ಲ.

ಒಂದು ಕಾಲದಲ್ಲಿ ಬೀಡಾ ಅಂಗಡಿಯ ಟ್ರಾನ್ಸಿಸ್ಟರ್ ಮುಂದೆ ಹೋಗಿ "ಸ್ಕೋರ್ ಎಷ್ಟಾಯ್ತು ಸಾರ್?" ಅಂತ ಕೇಳುತ್ತಿದ್ದೆವು. ಗುರುತು ಪರಿಚಯ ಇಲ್ಲದವರೂ ಖುಷಿಯಿಂದ ಹೇಳುತ್ತಿದ್ದರು, ಯಾರು ಎಷ್ಟಕ್ಕೆ ಔಟು ಅನ್ನುವುದನ್ನೂ ಸೇರಿಸಿ. ಕೇಳಿದ ಮೇಲೆ ಹೇಳುತ್ತಿದ್ದರು ಅನ್ನುವುದನ್ನು ದಯವಿಟ್ಟು ಗಮನಿಸಿ.

ಮೊನ್ನೆಯ ಕಥೆ ಇನ್ನೂ ಮುಗಿದಿಲ್ಲ. ಕೊಹ್ಲಿ ಹೋಗಿ ಸ್ವಲ್ಪ ಹೊತ್ತಿಗೆ ಮೇಲಿನಿಂದ ಆರ್ತನಾದ: "ಹೋಯ್ತು! ಎಲ್ಲಾ ಹೋಯ್ತು!" ನಾನು ಎದೆ ಗಟ್ಟಿ ಮಾಡಿಕೊಂಡು ಕಾದೆ. ಬಂದದ್ದು ಒಂದು ರನ್ನು. ಹಾಗಾದರೆ ಮುಂದಿನ ಬಾಲಿಗೆ ಔಟಿರಬೇಕು ಅಂತ ಉಸಿರು ಬಿಗಿಹಿಡಿದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ, ಬಾಗಿಲಲ್ಲಿ ಓನರ್, ಪಂಚೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಾರೆ.

"ಏನಪ್ಪಾ, ಓವರ್‌ಹೆಡ್ ಟ್ಯಾಂಕ್ ತುಂಬಿ ಹರೀತಾ ಇದೆ, ಮೋಟರ್ ಆಫ್ ಮಾಡೋಕಾಗಲ್ವಾ? ಕಾವೇರಿ ನೀರು, ಎಲ್ಲಾ ಹೋಯ್ತು!"

ಮೋಟರ್ ಹಾಕಿದ್ದು ಅವರೇ. ಸ್ವಿಚ್ಚಿರುವುದೂ ಅವರ ಮನೆಯಲ್ಲೇ. ಅದನ್ನು ಹೇಳಲು ನಾನು ಬಾಯಿ ತೆರೆಯುವುದರೊಳಗೆ ಅವರ ಕಣ್ಣು ನನ್ನ ಟಿವಿ ಮೇಲೆ ಬಿತ್ತು.

"ಅರೆ! ಈ ಬಾಲು ಇನ್ನೂ ಹಾಕಿಲ್ವಾ ಇಲ್ಲಿ? ನೋಡ್ತಾ ಇರಿ, ಲಾಂಗಾನ್ ಮೇಲೆ ಸಿಕ್ಸು."

ಲಾಂಗಾನ್ ಮೇಲೆ ಸಿಕ್ಸು ಬಿತ್ತು. ಅವರ ಮುಖ ಅರಳಿದ ರೀತಿ ನೋಡಬೇಕಿತ್ತು. ಆ ಸಿಕ್ಸು ಹೊಡೆದವನಿಗೂ ಅಷ್ಟು ಹೆಮ್ಮೆ ಆಗಿರಲಾರದು. ನೀರಿನ ಚಿಂತೆ ಬಿಟ್ಟು ಸೋಫಾದ ಅಂಚಿನಲ್ಲಿ ಕೂತರು. ಮೇಲಿನಿಂದ ಆಂಟಿ "ರೀ, ಇನ್ನೊಂದು ಫೋರು!" ಅಂತ ಕೂಗಿದರು. ಅಂಕಲ್ ನನ್ನ ಕಡೆ ತಿರುಗಿ, ನನಗೆ ಕೇಳಿಸಿಲ್ಲವೇನೋ ಎಂಬಂತೆ, "ಇನ್ನೊಂದು ಫೋರು" ಅಂದರು.

ಅವತ್ತಿನಿಂದ ಹೊಸ ವ್ಯವಸ್ಥೆ ಜಾರಿಗೆ ಬಂದಿದೆ. ಮೇಲೆ ಒಳ್ಳೆ ಶಾಟ್ ಬಿದ್ದರೆ ಸಾಕು, ಅದನ್ನೇ ಇನ್ನೊಮ್ಮೆ ಲೈವ್ ನೋಡಲು ಅವರು ಕೆಳಗಿಳಿದು ಬರುತ್ತಾರೆ. ಮಂಡಿನೋವು ಅಂತ ಲಿಫ್ಟ್ ಹಾಕಿಸಬೇಕು ಅನ್ನುತ್ತಿದ್ದವರು ಈಗ ಅರ್ಧ ನಿಮಿಷದೊಳಗೆ ಮೆಟ್ಟಿಲಿಳಿಯುತ್ತಾರೆ. ಈ ಭಾನುವಾರಕ್ಕೆ ಅವರ ಭಾವಮೈದುನನನ್ನೂ ಕರೆದಿದ್ದಾರಂತೆ, ನಮ್ಮ ಮನೆಗೆ. "ಬೋಂಡಾ ಜಾಸ್ತಿ ಮಾಡ್ಸಪ್ಪ" ಅಂತ ಗೇಟಿನ ಹತ್ತಿರ ಹೇಳಿ ಹೋದರು. ಅಗ್ರಿಮೆಂಟಿನ ವಿಷಯ ಎತ್ತೋಣ ಅಂದುಕೊಂಡೆ. ಅವರೇ ಎತ್ತಿದರು: ಬಾಡಿಗೆ ಸ್ವಲ್ಪ ಜಾಸ್ತಿಯಾಗುತ್ತದಂತೆ, ನೀರಿನ ಖರ್ಚು ವಿಪರೀತವಾಗಿದೆಯಂತೆ.