ಸತ್ಯಾಂಶ: ಫೇಸ್‌ಬುಕ್ ಬಾಟ್‌ಗಳು ಗುಪ್ತ ಭಾಷೆ ಕಟ್ಟಿಕೊಂಡವೇ?

"ಫೇಸ್‌ಬುಕ್‌ನ ಎರಡು ಎಐ ಬಾಟ್‌ಗಳು ತಮ್ಮದೇ ಗುಪ್ತ ಭಾಷೆ ಕಟ್ಟಿಕೊಂಡವು, ಹೆದರಿದ ಎಂಜಿನಿಯರ್‌ಗಳು ಪ್ಲಗ್ ಕಿತ್ತರು" ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಲೇ ಇರುತ್ತದೆ. ಬಾಟ್‌ಗಳು (ಮಾತಾಡುವ ಕಂಪ್ಯೂಟರ್ ಪ್ರೋಗ್ರಾಂಗಳು) ಇದ್ದದ್ದು ನಿಜ, ಅವುಗಳ ಇಂಗ್ಲಿಷ್ ಕೆಟ್ಟದ್ದೂ ನಿಜ. ಹೆದರಿ ನಿಲ್ಲಿಸಿದರು ಎಂಬುದು ಸುಳ್ಳು.

2017ರ ಆ ಪ್ರಯೋಗ ಚೌಕಾಸಿಯದ್ದು. ಕೆಲವು ಪುಸ್ತಕ, ಟೋಪಿ, ಚೆಂಡುಗಳನ್ನು ಎರಡು ಬಾಟ್‌ಗಳು ಮಾತಾಡಿ ಹಂಚಿಕೊಳ್ಳಬೇಕು. ಯಾವ ವಸ್ತುವಿಗೆ ಎಷ್ಟು ಅಂಕ ಎಂಬುದು ಒಂದೊಂದು ಬಾಟ್‌ಗೂ ಬೇರೆ. ಎದುರಾಳಿಯ ಲೆಕ್ಕ ಗೊತ್ತಿರುವುದಿಲ್ಲ. ಮೊದಲು ಮನುಷ್ಯರ 5,808 ಸಂಭಾಷಣೆಗಳಿಂದ ಕಲಿಸಿ, ಆಮೇಲೆ ಬಾಟ್‌ಗಳನ್ನು ಪರಸ್ಪರ ಆಡಲು ಬಿಟ್ಟರು. ಎಡವಟ್ಟಾದದ್ದು ಇಲ್ಲೇ. ಅಂಕ ಸಿಗುತ್ತಿದ್ದದ್ದು ಗಿಟ್ಟಿಸಿದ ವಸ್ತುಗಳಿಗೆ ಮಾತ್ರ, ಶುದ್ಧ ಇಂಗ್ಲಿಷಿಗೆ ಏನೂ ಇಲ್ಲ. ಎರಡೂ ಜೊತೆಜೊತೆಗೇ ಬದಲಾಗುತ್ತಾ "ಟು ಮಿ ಟು ಮಿ ಟು ಮಿ" ಎಂಬಂಥ ಸಾಲುಗಳಿಗೆ ಜಾರಿದವು. ಸಂಶೋಧಕರಿಗೆ ಬೇಕಿದ್ದದ್ದು ಜನರೊಡನೆ ಮಾತಾಡುವ ಬಾಟ್. ಹಾಗಾಗಿ ಒಂದನ್ನು ಮನುಷ್ಯರ ಮಾತಿನ ಮಾದರಿಯಲ್ಲೇ ಸ್ಥಿರವಾಗಿಟ್ಟು, ಇನ್ನೊಂದನ್ನು ಮಾತ್ರ ಕಲಿಯಲು ಬಿಟ್ಟರು.

ಹಾಗಾದರೆ ಸಂಚಿನ ಕಥೆ ಇಷ್ಟು ಸುಲಭವಾಗಿ ನಂಬಿಕೆ ಗಳಿಸುವುದೇಕೆ? ಉತ್ತರ ಯಂತ್ರದಲ್ಲಲ್ಲ, ನಮ್ಮ ಮನಸ್ಸಿನಲ್ಲಿದೆ. 1944ರಲ್ಲಿ ಮನಶ್ಶಾಸ್ತ್ರಜ್ಞರಾದ ಫ್ರಿಟ್ಜ್ ಹೈಡರ್ ಮತ್ತು ಮೇರಿಯಾನ್ ಸಿಮ್ಮೆಲ್ ಒಂದು ಪುಟ್ಟ ಚಿತ್ರವನ್ನು ಜನರಿಗೆ ತೋರಿಸಿದ ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಎರಡು ತ್ರಿಕೋನ, ಒಂದು ವೃತ್ತ ಓಡಾಡುತ್ತವೆ, ಅಷ್ಟೇ. ನೋಡಿದವರಲ್ಲಿ ಬಹುತೇಕರು ಅಲ್ಲಿ ಜಗಳ, ಭಯ, ಬೆನ್ನಟ್ಟುವಿಕೆ ಕಂಡರು. ಬಾಟ್‌ಗಳ ಆ ಅರ್ಥವಿಲ್ಲದ ಪುನರಾವರ್ತನೆಯಲ್ಲಿ ಸಂಚು ಕಾಣುವುದೂ ಇದೇ ಸ್ವಭಾವದಿಂದ.