ಬರೇ ಗೀರು ಬಿದ್ದೈತ್ರಿ

ನಿನ್ನೆ ಸಂಜೆಯಿಂದ ತಲೆ ಕಾದಿದೆ. "ಅದನ್ನ ಫೇಸ್‌ಬುಕ್ಕಿನಾಗ ಬರ್ದು ಹಾಕಿಬಿಡ್ರಿ, ಇಲ್ಲಾಂದ್ರ ಇವತ್ತೂ ಮನ್ಯಾಗ ಯಾರಿಗೂ ನಿದ್ದಿ ಇಲ್ಲ" ಅಂತ ಹೆಂಡತಿ ಅಪ್ಪಣೆ ಕೊಟ್ಟಿದ್ದಾಳೆ. ಬರಹ ಉದ್ದ ಇದೆ. ಪುರುಸೊತ್ತು ಇದ್ದವರು ಓದಿ.

ಬೆಳಗಾವಿಯಲ್ಲಿ ರಸ್ತೆ ಅಗೆಯುವುದು ಸುದ್ದಿಯೇ ಅಲ್ಲ. ಒಮ್ಮೆ ನೀರಿನ ಪೈಪು, ಒಮ್ಮೆ ಕೇಬಲ್ಲು, ಒಮ್ಮೆ ಗಟಾರ. ನಿನ್ನೆ ಗಟಾರದ ಪಾಳಿ. ಹಾಲು ತರಲು ಹೊರಟವನು ನಿಂತುಬಿಟ್ಟೆ. ಜೆಸಿಬಿ ಬಕೆಟ್ಟಿನ ಹಲ್ಲಿಗೆ ಹಳದಿ ಟೇಪ್ ಸಿಕ್ಕಿಕೊಂಡು ಜೋತಾಡುತ್ತಿತ್ತು. ಕೆಳಗೆ ಗ್ಯಾಸ್ ಪೈಪ್ ಇದೆ, ಇನ್ನು ಮುಂದೆ ಅಗೆಯಬೇಡ ಅಂತ ಹೇಳಲಿಕ್ಕೇ ಆ ಟೇಪನ್ನು ಪೈಪಿನ ಮೇಲೆ ಹೂಳಿರುತ್ತಾರೆ. ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಬಗ್ಗಿ ನೋಡಿದರೆ ಆಗಬಾರದ್ದು ಆಗಿಹೋಗಿತ್ತು. ಪೈಪಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಗೇಣುದ್ದ ಕಿತ್ತು ಸುರುಳಿಯಾಗಿ ಎದ್ದಿತ್ತು. ಅದರ ಕೆಳಗೆ ಉಕ್ಕು ಬೆಳ್ಳಗೆ ಹೊಳೆಯುತ್ತಿತ್ತು. ಉಗುರು ಆಡಿಸಿದರೆ ತಗ್ಗು ತಾಗುತ್ತಿತ್ತು.

"ಏನೂ ಆಗಿಲ್ರಿ ಕಾಕಾ, ಬರೇ ಗೀರು ಬಿದ್ದೈತ್ರಿ. ಲೀಕ್ ಇಲ್ಲಲ್ರಿ" ಅಂದ ಆಪರೇಟರ್ ಹುಡುಗ. (ಕಾಕಾ ಅಂದದ್ದಕ್ಕೆ ಬೇಜಾರಿಲ್ಲ. ಕೂದಲು ಹಣ್ಣಾಗಿದೆ, ಒಪ್ಪಿಕೊಂಡೆ.) ಹಿಂದಿನಿಂದ ಕೆಲಸ ಮಾಡಿಸುವ ಮುಕಾದಮ, "ಏ, ಮಣ್ಣ ಎಳೀ ಲಗೂನ" ಅಂದ. ಗ್ಯಾಸಿನವರಿಗೆ ಫೋನ್ ಮಾಡ್ರಿ ಅಂದೆ. "ಮಾಡಿದ್ರ ನಮ್ಮ ಬಿಲ್ಲಿನಾಗ ರೊಕ್ಕ ಕಡೀತಾರ್ರಿ. ಈ ಹುಡುಗನ ಮ್ಯಾಲ ಕೇಸ್ ಆಕ್ಕೈತ್ರಿ. ನೀವ ಬಿಡಸ್ತೀರೇನು?" ಅಂದ.

ಕೊನೆಗೆ ನಾನೇ ಫೋನ್ ಮಾಡಿದೆ. ಬಂದರು, ಇಲ್ಲ ಅನ್ನುವಂತಿಲ್ಲ. ಬಂದವರು ಗುಂಡಿ ಇಣುಕುವ ಮೊದಲೇ ಕೇಳಿದ ಪ್ರಶ್ನೆ: "ಯಾರು ಹೊಡೆದದ್ದು?" ಗೀರು ಎಷ್ಟು ಆಳ ಇದೆ, ಎಷ್ಟು ಉದ್ದ ಇದೆ ಅಂತ ಅಲ್ಲ. ಯಾರು ಹೊಡೆದದ್ದು. ಅಷ್ಟರಲ್ಲಿ ಹುಡುಗ ಜೆಸಿಬಿ ಅಲ್ಲೇ ಬಿಟ್ಟು ಪರಾರಿ.

ನನ್ನ ಸಿಟ್ಟು ಆ ಹುಡುಗನ ಮೇಲೆ ಅಲ್ಲ, ಆ ಪ್ರಶ್ನೆಯ ಮೇಲೆ.

ನಾನು ಇಷ್ಟು ವರ್ಷ ದುಡಿದದ್ದು ಪೆಟ್ರೋಲು, ಡೀಸೆಲು ಹೋಗುವ ದೊಡ್ಡ ಪೈಪ್‌ಲೈನುಗಳ ಮೇಲೆ ಅಂತ ನಿಮಗೆಲ್ಲ ಗೊತ್ತು. ಅಲ್ಲಿ ಸೋರುವ ಪೈಪಿಗೆ ಯಾರೂ ಅಷ್ಟು ಹೆದರುವುದಿಲ್ಲ. ಸೋರಿದರೆ ವಾಸನೆ ಬರುತ್ತದೆ, ಒತ್ತಡ ಇಳಿಯುತ್ತದೆ, ಕಂಟ್ರೋಲ್ ರೂಮಿನಲ್ಲಿ ಅಲಾರಂ ಕೂಗುತ್ತದೆ. ಹೆದರಬೇಕಾದದ್ದು ಸೋರದೆ ಇರುವ ಗೀರಿಗೆ. ಹೊದಿಕೆ ಹರಿದ ಜಾಗದಲ್ಲಿ ಹಸಿ ಮಣ್ಣು ಉಕ್ಕಿಗೆ ತಾಗುತ್ತದೆ. ನಮ್ಮ ಬೆಳಗಾವಿಯ ಮಳೆಗಾಲ ಗೊತ್ತಲ್ಲ, ತಿಂಗಳುಗಟ್ಟಲೆ ನೆಲ ಒಣಗುವುದೇ ಇಲ್ಲ. ಆ ಕಡೆ ಬಾಗಲಕೋಟೆ, ವಿಜಯಪುರದ ಎರೆಭೂಮಿಯ ಕಥೆ ಬೇರೆ. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಹೊದಿಕೆಯನ್ನು ಹಿಡಿದು ಜಗ್ಗುತ್ತದೆ. ತುಕ್ಕು ತಡೆಯಲು ಪೈಪಿಗೆ ಸಣ್ಣದಾಗಿ ಕರೆಂಟ್ ಕೊಟ್ಟಿರುತ್ತಾರೆ. ಮೈನಸ್ 0.85 ವೋಲ್ಟ್ ಬರುತ್ತದಾ ಅಂತ ಲೈನಿನ ಗುಂಟ ನೆಟ್ಟ ಪರೀಕ್ಷೆಯ ಕಂಬದಿಂದ ಕಂಬಕ್ಕೆ ನಡೆದು ಅಳೆಯುತ್ತಾರೆ. ಅದು ತುಕ್ಕಿಗೆ ಔಷಧ. ಬಕೆಟ್ಟಿನ ಹಲ್ಲು ಕೊರೆದ ತಗ್ಗಿಗೆ ಆ ಔಷಧ ನಾಟುವುದಿಲ್ಲ. ಪಂಪ್ ಶುರು ಮಾಡಿದಾಗ ಒತ್ತಡ ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ಪ್ರತಿ ಸಲವೂ ಆ ತಗ್ಗು ಕೂದಲೆಳೆಯಷ್ಟು ಬಾಯಿ ಬಿಡುತ್ತದೆ. ವರ್ಷಗಟ್ಟಲೆ.

ಸುಮ್ನೆ ಹೆದರಿಸುತ್ತಿಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬೆಲಿಂಗ್‌ಹ್ಯಾಮ್ ಅಂತ ಒಂದು ಊರು. 1994ರಲ್ಲಿ ಅಲ್ಲಿನ ನೀರು ಶುದ್ಧೀಕರಣ ಘಟಕದ ಕೆಲಸಕ್ಕೆ ನೆಲ ಅಗೆದರು. ಪಕ್ಕದಲ್ಲೇ ಪೆಟ್ರೋಲ್ ಪೈಪ್‌ಲೈನ್. ಅಗೆಯುವ ಯಂತ್ರ ಅದಕ್ಕೆ ತಾಗಿತು. ಪೈಪ್ ಕಂಪನಿಯವರು ಆ ಕೆಲಸದ ಮೇಲೆ ಸರಿಯಾಗಿ ಕಣ್ಣಿಟ್ಟಿರಲಿಲ್ಲ. ಮಣ್ಣು ಮುಚ್ಚಿತು. ಮುಂದೆ 1996 ಮತ್ತು 1997ರಲ್ಲಿ ಪೈಪಿನೊಳಗೆ ಪಿಗ್ ಬಿಟ್ಟು ಪರೀಕ್ಷೆ ಮಾಡಿದರು. ಪಿಗ್ ಅಂದರೆ ಪೈಪಿನೊಳಗೇ ತೇಲಿಕೊಂಡು ಹೋಗಿ ಗೋಡೆಯ ತಗ್ಗು ತೆವರು ಬರೆದಿಟ್ಟುಕೊಳ್ಳುವ ಯಂತ್ರ. ಆ ಜಾಗದಲ್ಲಿ ಏನೋ ಐಬು ಇದೆ ಅಂತ ಅದು ತೋರಿಸಿತು. ವರದಿ ಬಂತು. ಕಂಪನಿಯವರು ವರದಿ ಓದಿದರು. ಅಗೆದು ನೋಡುವಂಥದ್ದೇನಿಲ್ಲ ಅಂತ ತೀರ್ಮಾನಿಸಿದರು.

1999ರ ಜೂನ್ 10ರಂದು ಪೈಪ್ ಅಲ್ಲೇ ಒಡೆಯಿತು. ಹತ್ತಿರ ಹತ್ತಿರ 9 ಲಕ್ಷ ಲೀಟರ್ ಪೆಟ್ರೋಲ್ ಹಳ್ಳಕ್ಕೆ ಹರಿದು ಬೆಂಕಿ ಹತ್ತಿತು. ಹತ್ತು ವರ್ಷದ ಇಬ್ಬರು ಹುಡುಗರು, ಮೀನು ಹಿಡಿಯಲು ಹೋಗಿದ್ದ ಹದಿನೆಂಟರ ಒಬ್ಬ ಹುಡುಗ, ಮೂವರೂ ಸತ್ತರು. ತನಿಖೆಯವರು ಕಾರಣಗಳ ಪಟ್ಟಿಯಲ್ಲಿ ಇನ್ನೂ ಏನೇನೋ ಬರೆದಿದ್ದಾರೆ. ಪರೀಕ್ಷೆ ಮಾಡದೆ ಬಿಟ್ಟ ಸುರಕ್ಷತಾ ಸಾಧನಗಳು, ತಾನಾಗಿಯೇ ಮುಚ್ಚಿಕೊಳ್ಳುತ್ತಿದ್ದ ವಾಲ್ವು, ಲೈನ್ ಓಡುತ್ತಿರುವಾಗಲೇ ಕಂಪ್ಯೂಟರಿನಲ್ಲಿ ಕೈಯಾಡಿಸಿದ್ದು. ಆದರೆ ಮೊದಲನೆಯದು ಆ ಗೀರು. ಐದು ವರ್ಷ ಮಣ್ಣಿನಡಿ ಸುಮ್ಮನೆ ಕುಳಿತಿದ್ದ ಗೀರು.

2010ರಲ್ಲಿ ಮಿಷಿಗನ್‌ನ ಮಾರ್ಷಲ್ ಹತ್ತಿರ ಕಚ್ಚಾ ತೈಲದ ಲೈನ್ ಒಡೆದು ನದಿ ಕಪ್ಪಾಯಿತಲ್ಲ, ಅಲ್ಲೂ ಬಿರುಕು 2005ರ ತಪಾಸಣೆಯಲ್ಲೇ ಕಂಡಿತ್ತು. ಕಂಡದ್ದನ್ನು ಯಾರೂ ರಿಪೇರಿ ಮಾಡಿರಲಿಲ್ಲ.

ಈಗ ನಮ್ಮ ಕಡೆ ಬನ್ನಿ. ನಿಯಮಗಳಿಗೆ ಬರ ಇಲ್ಲ. ತೈಲ ಉದ್ಯಮದ ಸುರಕ್ಷತೆಗೆ ಅಂತಲೇ 1986ರಲ್ಲಿ ಒಐಎಸ್‌ಡಿ ಅನ್ನುವ ನಿರ್ದೇಶನಾಲಯ ಬಂತು. 2006ರ ಕಾಯ್ದೆಯಿಂದ ಪಿಎನ್‌ಜಿಆರ್‌ಬಿ, ಅಂದರೆ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಬಂತು. ಪೆಟ್ರೋಲ್ ಪೈಪ್‌ಲೈನ್ ಹೇಗೆ ಹಾಕಬೇಕು, ಹೇಗೆ ನೋಡಿಕೊಳ್ಳಬೇಕು ಅಂತ ಅದು 2016ರಲ್ಲಿ ಪ್ರತ್ಯೇಕ ನಿಯಮವನ್ನೇ ತಂದಿತು. ಲೈನಿನ ಗುಂಟ ನಡೆಯಲು ಲೈನ್ ವಾಕರ್‌ಗಳಿದ್ದಾರೆ. ಪಿಗ್ಗು, ಆಡಿಟ್ಟು, ಮಾಕ್ ಡ್ರಿಲ್ಲು, ಯಾವುದಕ್ಕೂ ಕಮ್ಮಿ ಇಲ್ಲ. ಮಾಕ್ ಡ್ರಿಲ್ ಅಂತೂ ಕೇಳಲೇಬೇಡಿ. ಶಾಮಿಯಾನ, ಉಪ್ಪಿಟ್ಟು, ಚಹಾ. ಹೊಗೆ ಬಿಡುವುದು ಯಾವ ಹೊತ್ತಿಗೆ ಅಂತ ಹಿಂದಿನ ದಿನವೇ ಎಲ್ಲರಿಗೂ ಗೊತ್ತು.

ಆಡಿಟ್ ಹೇಗೆ ನಡೆಯುತ್ತದೆ ಗೊತ್ತಾ? ರಿಜಿಸ್ಟರಿನಲ್ಲಿ ಒಂದು ಕಲಂ ಇರುತ್ತದೆ. ಹೊರಗಿನವರಿಂದ ಪೈಪಿಗೆ ಆದ ಹಾನಿ. ಅದರ ಮುಂದೆ ಪುಟಗಟ್ಟಲೆ 'ನಿಲ್', 'ನಿಲ್', 'ನಿಲ್'. ಅಂದರೆ ಏನೂ ಆಗಿಲ್ಲ. ಒಂದೇ ಪೆನ್ನು, ಒಂದೇ ಅಕ್ಷರ. ಆಡಿಟರ್ ಸಾಹೇಬರು ಅದನ್ನು ನೋಡಿ ಖುಷಿಯಿಂದ ಟಿಕ್ ಹಾಕುತ್ತಾರೆ. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಲೈನಿನ ಗುಂಟ ಇಷ್ಟೊಂದು ಬೋರ್‌ವೆಲ್, ಇಷ್ಟೊಂದು ಗಟಾರ, ಇಷ್ಟೊಂದು ಕೇಬಲ್ ಕೆಲಸ ನಡೆದಿದೆ. ಒಂದು ಬಕೆಟ್ಟೂ ಪೈಪಿಗೆ ತಾಗಲಿಲ್ಲ ಅಂದರೆ ಒಂದೋ ನಮ್ಮ ಜೆಸಿಬಿ ಹುಡುಗರೆಲ್ಲ ದೇವಮಾನವರು, ಇಲ್ಲಾ ಯಾರೋ ಮಣ್ಣು ಎಳೆದಿದ್ದಾರೆ. ಇದನ್ನು ಸಾಹೇಬರು ಕೇಳಲ್ಲ. ಕೇಳಿದರೆ 'ನಿಲ್' ಹೋಗುತ್ತದೆ. 'ನಿಲ್' ಹೋದರೆ ಮಾರ್ಚ್ 4ಕ್ಕೆ ರಾಷ್ಟ್ರೀಯ ಸುರಕ್ಷತಾ ದಿನದಂದು ಕೊಡುವ ಬಹುಮಾನ ಹೋಗುತ್ತದೆ. ಹಾಗೆ ಬಂದ ಗೋಡೆ ಗಡಿಯಾರ ಒಂದು ನಮ್ಮ ಅಡುಗೆಮನೆಯಲ್ಲೂ ಇದೆ. ಹತ್ತು ನಿಮಿಷ ಮುಂದೆ ಓಡುತ್ತದೆ.

ಗೀರು ಕಂಡು ಬರೆದ ಲೈನ್ ವಾಕರ್‌ನ ಗತಿ ಏನು? "ಅಗೆಯುವಾಗ ನೀನೆಲ್ಲಿದ್ದೆ?" ಅಂತ ಮೆಮೊ. ಬರೆಯದವನಿಗೆ ಗಡಿಯಾರ. ದಿನಕ್ಕೆ ಅಷ್ಟು ದೂರ ಬಿಸಿಲಲ್ಲಿ ನಡೆಯುವವನು ದಡ್ಡನೇನಲ್ಲ. ಮುಂದಿನ ಸಲ ಅವನಿಗೂ ಏನೂ ಕಾಣುವುದಿಲ್ಲ.

ಶಿಕ್ಷೆಯ ಭಯ ಇಲ್ಲದಿದ್ದರೆ ಕಂಡ ಕಂಡಲ್ಲಿ ಅಗೆಯುತ್ತಾರೆ ಸರ್ ಅಂತ ಯಾರಾದರೂ ಹೇಳುತ್ತೀರಿ, ಗೊತ್ತು. ಹಳೇ ಸಹೋದ್ಯೋಗಿಯೊಬ್ಬ ನಿನ್ನೆ ರಾತ್ರಿ ಫೋನಿನಲ್ಲಿ ಇದನ್ನೇ ಹೇಳಿದ. 1962ರ ಪೈಪ್‌ಲೈನ್ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು ಶಿಕ್ಷೆ ಬಿಗಿ ಮಾಡಿದ್ದು ಮತ್ಯಾಕೆ ಅಂದ. ಅಲ್ಲಪ್ಪಾ, ಅದು ಪೈಪಿಗೆ ತೂತು ಹಾಕಿ ಪೆಟ್ರೋಲ್ ಕದಿಯುವವರಿಗೆ, ಬೇಕಂತಲೇ ಹಾಳು ಮಾಡುವವರಿಗೆ. ಅವರನ್ನು ಒಳಗೆ ಹಾಕಿ, ನಾನೇ ಸಾಕ್ಷಿ ಹೇಳುತ್ತೇನೆ. ಮುಕಾದಮ ತೋರಿಸಿದ ಕಡೆ ಅಗೆಯುವ ಹುಡುಗನನ್ನು ಅವರ ಸಾಲಿಗೆ ನಿಲ್ಲಿಸಿದರೆ ಏನಾಗುತ್ತದೆ? ಆಡುವಾಗ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಮಗು ಅಪ್ಪ ಹೊಡೆಯುತ್ತಾನೆ ಅಂತ ಬಾಯಿ ಮುಚ್ಚಿಕೊಳ್ಳುತ್ತದಲ್ಲ, ಹಾಗೇ ಆಗುತ್ತದೆ.

ಅಮೆರಿಕದವರು ಪೆಟ್ಟು ತಿಂದು ಬುದ್ಧಿ ಕಲಿತಿದ್ದಾರೆ. ಅಗೆಯುವ ಮೊದಲು 811ಕ್ಕೆ ಫೋನ್ ಮಾಡಬೇಕು ಅನ್ನುವುದು ಹಳೆಯ ಮಾತಾಯಿತು. ಅಗೆಯುವಾಗ ಪೈಪಿಗೆ ಏನೇ ಹಾನಿ ಆಗಲಿ, ಸೋರಲಿ ಸೋರದಿರಲಿ, ಪೈಪ್ ಕಂಪನಿಗೆ ಕೂಡಲೇ ತಿಳಿಸಬೇಕು ಅಂತಲೂ ಅಲ್ಲಿ ನಿಯಮ ಇದೆ. ಸೋರದಿರಲಿ ಅನ್ನುವ ಆ ಒಂದು ಮಾತಿಗಾಗಿ ನಾನು ಆ ನಿಯಮ ಬರೆದವರಿಗೆ ಕೈ ಮುಗಿಯುತ್ತೇನೆ.

ನಮ್ಮಲ್ಲೂ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್', ಅಂದರೆ ಅಗೆಯುವ ಮೊದಲು ಕರೆ ಮಾಡಿ ಅನ್ನುವ ಆ್ಯಪ್ ಬಂತು. ಪ್ರಧಾನಿಯವರೇ ಬಿಡುಗಡೆ ಮಾಡಿದರು. ಒಳ್ಳೆಯದೇ. ನಿನ್ನೆ ಆ ಮುಕಾದಮನ ಹತ್ತಿರ ಅದರ ಹೆಸರು ಎತ್ತಿದೆ. "ಅದು ಇಂಜಿನಿಯರ್ ಸಾಹೇಬ್ರ ಮೊಬೈಲಿನಾಗ ಇರಬೇಕ್ರಿ" ಅಂದ. ಇಂಜಿನಿಯರ್ ಸಾಹೇಬರು ಸೈಟಿನಲ್ಲಿ ಇರಲಿಲ್ಲ ಅಂತ ಬೇರೆ ಹೇಳಬೇಕಾ?

ಇದೆಲ್ಲ ಯಾಕೆ ಹೊಟ್ಟೆ ಉರಿಸುತ್ತದೆ ಅಂದರೆ, ಬಿದ್ದ ದಿನವೇ ಹೇಳಿದರೆ ಆ ಗೀರು ದೊಡ್ಡ ಕೆಲಸವೇ ಅಲ್ಲ. ಒತ್ತಡ ಇಳಿಸಿ, ಆಳ ಅಳೆದು, ಸಣ್ಣದಿದ್ದರೆ ಉಜ್ಜಿ ನುಣುಪು ಮಾಡಿ ಮತ್ತೆ ಹೊದಿಕೆ ಸುತ್ತುತ್ತಾರೆ. ಆಳ ಇದ್ದರೆ ಪೈಪಿನ ಸುತ್ತ ಅಂಗಿ ತೋಳಿನ ಹಾಗೆ ಉಕ್ಕಿನ ಕವಚ ತೊಡಿಸುತ್ತಾರೆ. ಹೊಸದಾಗಿ ಅಗೆಯುವ ಖರ್ಚೂ ಇಲ್ಲ, ಗುಂಡಿ ತೆರೆದೇ ಇದೆ! ಮುಚ್ಚಿದ ಮೇಲೆ ಅದನ್ನೇ ಹುಡುಕಲು ಲಕ್ಷಗಟ್ಟಲೆ ಸುರಿದು ಪಿಗ್ ಬಿಡಬೇಕು. ಆಮೇಲೆ ಯಾರೋ ವರದಿ ಓದಿ, ಅಗೆಯುವಂಥದ್ದೇನಿಲ್ಲ ಅನ್ನಬೇಕು.

ನನ್ನ ಕೈಯಲ್ಲಿ ಅಧಿಕಾರ ಇದ್ದಿದ್ದರೆ ಆಡಿಟ್‌ನ ಮೊದಲ ದಿನ ಆಡಿಟರ್ ಸಾಹೇಬರನ್ನು ಆಫೀಸಿಗೆ ಕಾಲಿಡಲು ಬಿಡುತ್ತಿರಲಿಲ್ಲ. ಲೈನಿನ ಗುಂಟ ಇರುವ ಚಹಾದಂಗಡಿಗೆ ಕಳಿಸುತ್ತಿದ್ದೆ. ಜೆಸಿಬಿ ಹುಡುಗರು ಅಲ್ಲೇ ಸಿಗುತ್ತಾರೆ. "ಎಲ್ಲಿ ತಾಗಿತ್ತಪ್ಪಾ? ಕೇಸ್ ಇಲ್ಲ, ದಂಡ ಇಲ್ಲ, ಜಾಗ ತೋರಿಸು ಸಾಕು" ಅಂತ ಕೇಳಲಿ. ವರ್ಷವಿಡೀ 'ನಿಲ್' ಬರೆದ ಆಫೀಸಿಗೆ ಬಹುಮಾನ ಅಲ್ಲ, ನೋಟಿಸ್ ಕೊಡುತ್ತಿದ್ದೆ.

ಹೊಲ ಇರುವ ಸ್ನೇಹಿತರಿಗೆ ಒಂದು ಮಾತು. ದಾಬೋಳದಿಂದ ಬೆಂಗಳೂರಿಗೆ ಹೋಗುವ ದೊಡ್ಡ ಗ್ಯಾಸ್ ಲೈನ್ ನಮ್ಮ ಜಿಲ್ಲೆಯ ಮೂಲಕವೇ ಹೋಗಿದೆ. ಅದೇ 1962ರ ಕಾಯ್ದೆ ಪ್ರಕಾರ ಅಂಥ ಪೈಪ್ ಹಾದುಹೋದ ನೆಲದ ಪಟ್ಟಿಯ ಮೇಲೆ ನೀವು ಬೆಳೆ ತೆಗೆಯಬಹುದು, ನೆಲ ನಿಮ್ಮದೇ. ಬಾವಿ ತೋಡುವಂತಿಲ್ಲ, ಮನೆ ಕಟ್ಟುವಂತಿಲ್ಲ, ಮರ ಹಚ್ಚುವಂತಿಲ್ಲ. ಬದುವಿನಲ್ಲಿ ಗುರುತಿನ ಕಂಬ ಇರುತ್ತದೆ, ಅದರ ಮೇಲೆ ಫೋನ್ ನಂಬರ್ ಇರುತ್ತದೆ. ಯಾರದೇ ಬಕೆಟ್ಟು ತಾಗಿದರೂ, ಬರೇ ಗೀರು ಬಿದ್ದರೂ, ಮಣ್ಣು ಎಳೆಯಲು ಬಿಡಬೇಡಿ. ದೂರ ನಿಂತು ಆ ನಂಬರಿಗೆ ಫೋನ್ ಮಾಡಿ. "ಯಾರು ಹೊಡೆದದ್ದು?" ಅಂತ ಕೇಳಿದರೆ, ಮೊದಲು ಪೈಪ್ ನೋಡ್ರಿ ಅನ್ನಿ. ಫೋನ್ ಎತ್ತದಿದ್ದರೆ ಕಾಮೆಂಟಿನಲ್ಲಿ ಹಾಕಿ. ಇನ್ನೊಂದು ಇಷ್ಟುದ್ದದ್ದು ಬರೆಯಲು ನನಗೇನೂ ಬೇಜಾರಿಲ್ಲ.